ಒಣ ಬಂದರಿಗೊಂದು ಮನವಿ ಪತ್ರ

ನಮ್ಮ ಕಡೆ ಮನವಿ ಪತ್ರವನ್ನು ಕೊಡುತ್ತಾರೆ, ಇಸಿದುಕೊಳ್ಳುತ್ತಾರೆ, ಕೊಡುವಾಗ ಫೋಟೊ ತೆಗೆಸಿಕೊಳ್ಳುತ್ತಾರೆ. ಓದುವುದೊಂದು ಮಾತ್ರ ಪದ್ಧತಿಯಲ್ಲಿಲ್ಲ. ಚಿತ್ರದುರ್ಗದ ಲಾರಿ ಮಾಲೀಕರ ಸಂಘವೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು ನಾನು. ಡೀಸೆಲ್ ದರ ಇಳಿಸಿ ಎಂದು ಬರೆದೆ, ಟೋಲು ಕಡಿಮೆ ಮಾಡಿ ಎಂದು ಬರೆದೆ, ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಲು ಒಂದಿಷ್ಟು ಜಾಗ, ಡ್ರೈವರುಗಳಿಗೆ ಒಂದು ಕಕ್ಕಸು ಕೊಡಿ ಎಂದು ಮೂರು ಸರ್ಕಾರಗಳಿಗೆ ಬರೆದೆ. ಯಾವುದೂ ಫಲಿಸಲಿಲ್ಲ. ನಾನು ಟೈಪು ಮಾಡಿದ್ದರಲ್ಲಿ ಫಲಿಸಿದ್ದು ಒಂದೇ ಒಂದು ಮನವಿ. ಅದನ್ನು ನಮ್ಮ ಹೆಸರಿನಲ್ಲಿ ಬರೆಸಿದವರು ಬಂದರು ವ್ಯವಹಾರದ ಒಂದು ಕಂಪನಿಯವರು.

ಸಂಘದ ಕಚೇರಿ ಎಂದರೆ ಹೆದ್ದಾರಿಯ ಮಗ್ಗುಲಲ್ಲಿ ಎರಡು ಕೋಣೆ, ಒಂದು ಕಂಪ್ಯೂಟರು, ಕಾಲು ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಗಳು, ಹೊರಗಿನ ಗೋಡೆಗೆ ತೂಗುಹಾಕಿದ ಒಂದು ಕಪ್ಪು ಹಲಗೆ. ಆ ಹಲಗೆಯೇ ಸಂಘ. ಉಳಿದದ್ದೆಲ್ಲ ಚಹಾ ಕುಡಿಯುವ ಜಾಗ. ಹೊಳಲ್ಕೆರೆ ಕಡೆಯ ಅದಿರು, ಸುತ್ತಲಿನ ಮೆಕ್ಕೆಜೋಳ ಮಂಗಳೂರಿನ ಬಂದರಿಗೆ ಹೋಗಬೇಕಾದರೆ ಲೋಡು ಯಾರಿಗೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಹಲಗೆಯ ಮೇಲಿನ ಪಾಳಿ. ದಿನಾ ಬೆಳಿಗ್ಗೆ ನಾನು ಸೀಮೆಸುಣ್ಣದಲ್ಲಿ ಲಾರಿ ನಂಬರುಗಳನ್ನು ಸಾಲಾಗಿ ಬರೆಯುತ್ತಿದ್ದೆ. ಲೋಡು ಇಳಿಸಿ ಬಂದವನ ನಂಬರು ಸಾಲಿನ ಕೊನೆಗೆ ಹೋಗುತ್ತಿತ್ತು. ಇಪ್ಪತ್ತು ಲಾರಿ ಇದ್ದವನಿಗೂ ಅದೇ ಸಾಲು, ಒಂದೇ ಲಾರಿ ಇದ್ದವನಿಗೂ ಅದೇ ಸಾಲು. ಯಾರ ಮನೆಯಲ್ಲಾದರೂ ಸಾವಾದರೆ ಅವರ ನಂಬರಿಗೆ ಸುತ್ತಲೂ ಒಂದು ಸೊನ್ನೆ ಹಾಕುತ್ತಿದ್ದೆ. ಸೊನ್ನೆ ಹಾಕಿದ ನಂಬರು ತಿಥಿ ಮುಗಿಯುವವರೆಗೂ ಇದ್ದಲ್ಲೇ ಇರಬೇಕು; ಅವರು ತಲೆ ಬೋಳಿಸಿಕೊಂಡು ಬಂದ ದಿನ ಮೊದಲ ಲೋಡು ಅವರದೇ. ಇದನ್ನು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ, ಯಾರೂ ಮುರಿದದ್ದೂ ಇಲ್ಲ.

ಮದಕರಿಪುರದಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಆ ಒಂದೇ ಲಾರಿಯವರಲ್ಲಿ ಒಬ್ಬರು. ತಾವೇ ಮಾಲೀಕರು, ತಾವೇ ಡ್ರೈವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಆದರೆ ಅವರಷ್ಟು ಓದುವವರನ್ನು ನಾನು ಕಂಡಿಲ್ಲ. ಒಂದು ಸಾರಿ ಓದದೆ ಸಹಿ ಹಾಕಿ, ದಾರಿಯಲ್ಲಿ ನೆನೆದ ಜೋಳದ ಹೊಣೆಯನ್ನೆಲ್ಲ ತಲೆಗೆ ಕಟ್ಟಿಕೊಂಡಿದ್ದರು. ಅಂದಿನಿಂದ ಕೈಗೆ ಕೊಟ್ಟ ಯಾವ ಕಾಗದವನ್ನೂ ಬಿಡುತ್ತಿರಲಿಲ್ಲ. ಲೋಡಿನ ಚೀಟಿ, ಟೈರಿನ ಗ್ಯಾರಂಟಿ ಕಾರ್ಡು, ಕೊನೆಗೆ ಮೆಣಸಿನಕಾಯಿ ಬೋಂಡ ಕಟ್ಟಿಕೊಟ್ಟ ಪೇಪರು, ಎಲ್ಲವನ್ನೂ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತಾ, ನಿಧಾನವಾಗಿ ಓದುತ್ತಿದ್ದರು. ಹಿಂದೆ ನಿಂತ ಲಾರಿಗಳು ಹಾರ್ನು ಹೊಡೆದರೂ ಅವರ ಬೆರಳು ಸಾಲು ಹಾರಿಸುತ್ತಿರಲಿಲ್ಲ. ಸಂಘದಲ್ಲಿ ಎಲ್ಲರೂ ಅವರನ್ನು ಆಡಿಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ.

ಕಂಪನಿಯ ಸಾಹೇಬರು ಬಂದದ್ದು ಹೀಗಿರುವಾಗ. ಬಿಳಿ ಕಾರು, ತೆಳ್ಳನೆಯ ಮನುಷ್ಯ, ಎಲ್ಲರಿಗೂ ಎರಡು ಕೈ ಜೋಡಿಸಿ ನಮಸ್ಕಾರ. ಅವರ ಕಾರ್ಡಿನ ಮೇಲೆ ‘ಸರ್ಕಾರಿ ವ್ಯವಹಾರಗಳ ಮುಖ್ಯಸ್ಥರು’ ಎಂದಿತ್ತು. ಸರ್ಕಾರದ ಕೆಲಸದಲ್ಲಿಲ್ಲದ ಮನುಷ್ಯ ಸರ್ಕಾರಿ ವ್ಯವಹಾರಕ್ಕೆ ಮುಖ್ಯಸ್ಥನಾಗುವುದು ಹೇಗೆ ಎಂದು ನನಗೆ ತಿಳಿಯಲು ಒಂದು ತಿಂಗಳು ಬೇಕಾಯಿತು. ನಮ್ಮ ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಮುಟ್ಟಿಸಿ ವ್ಯಾಪಾರ ಕುದುರಿಸುವವನನ್ನು ದಲ್ಲಾಳಿ ಎನ್ನುತ್ತೇವೆ. ಅವನು ಪಾಪ, ತಾನು ದಲ್ಲಾಳಿ ಎಂದೇ ಹೇಳಿಕೊಳ್ಳುತ್ತಾನೆ. ಇವರು ಟವೆಲ್ಲಿನ ಬದಲು ಶಾಲು ಇಟ್ಟುಕೊಂಡಿದ್ದರು.

ಅವರಿಗೆ ಬೇಕಾಗಿದ್ದದ್ದು ಐಮಂಗಲದ ಹತ್ತಿರ ಒಂದು ಒಣ ಬಂದರು. ಸಮುದ್ರವಿಲ್ಲದ ಬಂದರು, ಸರಕು ಅಲ್ಲೇ ಪೆಟ್ಟಿಗೆಗೆ ತುಂಬಿ, ಅಲ್ಲೇ ಕಾಗದಪತ್ರ ಮುಗಿಸಿ, ನೇರ ಹಡಗಿಗೆ ಕಳಿಸುವ ಜಾಗ. ಸುದ್ದಿ ಹರಡಿದಾಗ ಐಮಂಗಲದ ಚಹಾ ಅಂಗಡಿಯಲ್ಲಿ ಒಬ್ಬ ಮುದುಕ, ನಲ್ಲಿಯಲ್ಲಿ ನೀರು ಬರದ ಊರಿಗೆ ಹಡಗು ಬರುತ್ತದಂತೆ ಎಂದು ಎಲ್ಲರನ್ನೂ ನಗಿಸಿದ. ಸಾಹೇಬರು ನಗಲಿಲ್ಲ. ಅವರು ಶಾಲೆಗೆ ಕುಡಿಯುವ ನೀರಿನ ಯಂತ್ರ ಕೊಡಿಸಿದರು. ಯಂತ್ರಕ್ಕಿಂತ ಅದರ ಮೇಲಿನ ಶಾಸಕರ ಫೋಟೊ ದೊಡ್ಡದಾಗಿತ್ತು. ಯುಗಾದಿಗೆ ಕ್ಯಾಲೆಂಡರು, ದಸರೆಗೆ ಸಿಹಿ ಡಬ್ಬಿ, ಗಣೇಶನಿಗೆ ಪೆಂಡಾಲು. ಎಲ್ಲಿಯೂ ಯಾರ ಕೈಗೂ ಒಂದು ರೂಪಾಯಿ ಕೊಟ್ಟದ್ದನ್ನು ನಾನು ನೋಡಲಿಲ್ಲ. ನಮ್ಮವರಿಗೆ ಅಷ್ಟು ಖರ್ಚೂ ಬೇಕಿರಲಿಲ್ಲ.

ಸಭೆಗಳಲ್ಲಿ ಸಾಹೇಬರು ನಮ್ಮನ್ನೆಲ್ಲ ‘ಸ್ಟೇಕ್‌ಹೋಲ್ಡರುಗಳು’ ಎಂದು ಕರೆಯುತ್ತಿದ್ದರು. ಸಂಘದ ಅಧ್ಯಕ್ಷರು ನನ್ನ ಕಿವಿಯಲ್ಲಿ ಹಾಗೆಂದರೇನು ಎಂದು ಕೇಳಿದರು. ಪಾಲುದಾರರು ಎಂದೆ. ಅವತ್ತು ಸಂಜೆಯೊಳಗೆ ಅವರು ತಮ್ಮ ಬೀದಿಯಲ್ಲೆಲ್ಲ ತಮಗೆ ಬಂದರಿನಲ್ಲಿ ಪಾಲು ಸಿಕ್ಕಿದೆ ಎಂದು ಹೇಳಿಕೊಂಡು ಬಂದಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ಮುಖಂಡರದು.

ಸರ್ಕಾರ ಒಪ್ಪಬೇಕಾದರೆ ‘ಸ್ಥಳೀಯರ ಬೇಡಿಕೆ’ ಇರಬೇಕು ಎಂದರು ಸಾಹೇಬರು. ಇಲ್ಲದಿದ್ದರೆ? ಬರೆಸಿದರಾಯಿತು. ನನ್ನ ಕಂಪ್ಯೂಟರಿನಲ್ಲೇ ಹೊಸದುರ್ಗದ ತೆಂಗಿನವರ ಬೇಡಿಕೆ ತಯಾರಾಯಿತು, ಹಿರಿಯೂರಿನ ದಾಳಿಂಬೆಯವರ ಬೇಡಿಕೆ ತಯಾರಾಯಿತು, ಹೊಳಲ್ಕೆರೆಯ ಅಡಿಕೆ ವರ್ತಕರ ಬೇಡಿಕೆಯೂ ತಯಾರಾಯಿತು. ಕರಡನ್ನು ಸಾಹೇಬರು ಕಳಿಸುತ್ತಿದ್ದರು. ಅದರ ಕನ್ನಡ ಎಷ್ಟು ಒರಟೆಂದರೆ ಓದಿದರೆ ಹಲ್ಲು ಬಿದ್ದೀತು. ನಾನು ಅದನ್ನು ಮನುಷ್ಯರ ಕನ್ನಡ ಮಾಡುತ್ತಿದ್ದೆ. ಒಂದೊಂದು ತಾಲೂಕಿಗೆ ಒಂದೊಂದು ಧಾಟಿ. ಒಂದರಲ್ಲಿ ಅಳು, ಒಂದರಲ್ಲಿ ಗದರಿಕೆ, ಇನ್ನೊಂದರಲ್ಲಿ ‘ತಮ್ಮ ಅಮೃತ ಹಸ್ತದಿಂದ’. ಸಾಹೇಬರು ಮೆಚ್ಚಿಕೊಂಡು, ನಿಮ್ಮಂಥವರು ಈ ಎರಡು ಕೋಣೆಯಲ್ಲಿ ಇರಬಾರದು, ಐಮಂಗಲದ ಆಫೀಸಿಗೆ ಒಬ್ಬ ಸಮನ್ವಯಾಧಿಕಾರಿ ಬೇಕಾಗುತ್ತಾನೆ ಎಂದರು. ನಾನು ಉಬ್ಬಿಹೋದೆ. ಇಪ್ಪತ್ತು ವರ್ಷದಲ್ಲಿ ನನ್ನ ಬರವಣಿಗೆಯನ್ನು ಓದಿದ ಮೊದಲ ಮನುಷ್ಯ ಆತ.

ಬಂದರು ಎಂದರೇನು ಎಂದು ತಿಳಿಯಲಿ ಎಂದು ಸಂಘದ ಪದಾಧಿಕಾರಿಗಳನ್ನು ಎಸಿ ಬಸ್ಸಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಅಧ್ಯಯನ ಪ್ರವಾಸವಂತೆ. ಅಧ್ಯಯನ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಮುಗಿದಿತ್ತು. ಎಲ್ಲರೂ ಮೀನಿನ ಊಟದ ಮಾತಿಗೆ ಬಿದ್ದಿದ್ದರು. ಬಂದರಿನ ಗೇಟಿನ ಹೊರಗೆ ರಸ್ತೆಯುದ್ದಕ್ಕೂ ಲಾರಿಗಳು ನಿಂತಿದ್ದವು. ಬಿಸಿಲು, ಧೂಳು, ಎಲ್ಲೂ ಒಂದು ನೆರಳಿಲ್ಲ. ಡ್ರೈವರುಗಳು ಲಾರಿ ಕೆಳಗೆ ಮಲಗಿದ್ದರು. ಆ ಸಾಲಿನಲ್ಲಿ ಭಾವನ ಲಾರಿಯೂ ಇತ್ತು. ಭಾವ ಚಕ್ರದ ಪಕ್ಕ ಕೂತು ಸ್ಟೌವಿನ ಮೇಲೆ ಮುದ್ದೆಗೆ ಎಸರು ಇಟ್ಟಿದ್ದರು. ನಮ್ಮ ಬಸ್ಸಿಗೆ ಕಟ್ಟಿದ್ದ ಜಿಲ್ಲೆಯ ಹೆಸರಿನ ಬ್ಯಾನರು ಕಂಡು ಎದ್ದು ನಿಂತು, ಊರವರು ಯಾರೋ ಬಂದಿದ್ದಾರೆಂದು ಕೈ ಎತ್ತಿದರು. ಕಪ್ಪು ಗಾಜಿನ ಒಳಗೆ ಕೂತಿದ್ದ ನನ್ನನ್ನು ಅವರು ಕಾಣುವಂತಿರಲಿಲ್ಲ. ನಾನು ಬಸ್ಸು ನಿಲ್ಲಿಸಿ ಎನ್ನಬಹುದಿತ್ತು. ಸಾಹೇಬರ ಎದುರಿಗೆ ಎಸರಿನ ಮುಂದೆ ಕೂತವರನ್ನು ನನ್ನ ಭಾವ ಎನ್ನಲು ನಾಚಿಕೆಯಾಯಿತು. ಬಸ್ಸು ಒಳಗೆ ಹೋಯಿತು. ಒಳಗೆ ಅಧ್ಯಕ್ಷರು ಹಡಗಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡರು.

ವಾಪಸು ಬಂದ ಮೇಲೆ ನಮ್ಮ ಸಂಘದ ಮನವಿಯ ಕರಡು ಬಂತು. ಐದು ಪುಟ. ಮೊದಲ ಮೂರು ಪುಟ ಜಿಲ್ಲೆಯ ಹಿರಿಮೆ, ಸಚಿವರ ದೂರದೃಷ್ಟಿ. ನಾಲ್ಕನೇ ಪುಟದ ನಡುವೆ ಒಂದು ವಾಕ್ಯವಿತ್ತು. ಅದರ ತಾತ್ಪರ್ಯ ಇಷ್ಟು: ಲಾರಿ ಸಂಘಗಳ ಪಾಳಿ ಪದ್ಧತಿಯಿಂದ ಸಾಗಣೆ ನಿಧಾನವಾಗುತ್ತಿದೆ, ಅದನ್ನು ರದ್ದುಪಡಿಸಿ, ಹತ್ತಕ್ಕಿಂತ ಹೆಚ್ಚು ಲಾರಿ ಉಳ್ಳವರೊಂದಿಗೆ ನೇರ ಒಪ್ಪಂದಕ್ಕೆ ಅವಕಾಶ ಕೊಡಬೇಕೆಂದು ಸಂಘವೇ ಕೋರುತ್ತದೆ. ನಾನು ಎರಡು ಸಾರಿ ಓದಿದೆ. ಒಂದೇ ಲಾರಿಯವನ ಕುತ್ತಿಗೆಗೆ ಆ ವಾಕ್ಯ ಸರಿಯಾಗಿ ಹೊಂದುತ್ತಿತ್ತು. ಕುಣಿಕೆಯ ಹಗ್ಗ ಒರಟಾಗಿತ್ತು. ನಾನು ನಯ ಮಾಡಿದೆ. ‘ರದ್ದುಪಡಿಸಿ’ ಎಂಬುದನ್ನು ‘ಕಾಲಕ್ಕೆ ತಕ್ಕಂತೆ ಮಾರ್ಪಡಿಸಿ’ ಎಂದು ಮಾಡಿದೆ.

ಯಾಕೆ ಸುಮ್ಮನಿದ್ದೆ ಎಂದು ನೀವು ಕೇಳಬಹುದು. ಐಮಂಗಲದ ಕುರ್ಚಿಯ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಆ ಪದಾಧಿಕಾರಿಗಳ ಮೇಲೆ ನನಗಿದ್ದ ತಾತ್ಸಾರ. ಇಪ್ಪತ್ತು ವರ್ಷ ನಾನು ಬರೆದದ್ದನ್ನು ಓದದೆ ಸಹಿ ಹಾಕಿದವರು. ಈ ಸಾರಿಯೂ ಓದುವುದಿಲ್ಲ ನೋಡು, ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆ ನೋಡು ಎಂದು ಒಳಗೊಳಗೇ ಖುಷಿಯಾಗಿತ್ತು. ನಾಟಕ ನೋಡುವ ಚಪಲ.

ನಾಟಕ ನಾನು ಅಂದುಕೊಂಡಂತೆಯೇ ನಡೆಯಿತು. ಕಾರ್ಯಕಾರಿ ಸಮಿತಿ ಕೂಡಿತು. ಪದ್ಧತಿಯಂತೆ ನಾನು ‘ವಿಷಯ: ಐಮಂಗಲದಲ್ಲಿ ಒಣ ಬಂದರು ಸ್ಥಾಪಿಸುವ ಕುರಿತು’ ಎಂಬ ಸಾಲನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ವಿಷಯದ ಸಾಲು ಓದಿದರೆ ಮನವಿ ಓದಿದಂತೆ. ನನ್ನ ಕರ್ತವ್ಯ ಮುಗಿಯಲಿ ಎಂದು, ನಾಲ್ಕನೇ ಪುಟವನ್ನು ಒಂದು ಸಲ ನೋಡಿಬಿಡಿ ಎಂದು ಅಧ್ಯಕ್ಷರಿಗೆ ಹೇಳಿದೆ. ಮೆಲ್ಲಗೆ ಹೇಳಿದೆ, ಕೇಳಿಸದಿದ್ದರೆ ಒಳ್ಳೆಯದು ಎನ್ನುವಷ್ಟು ಮೆಲ್ಲಗೆ.

"ಅದೆಲ್ಲ ನೀನು ನೋಡಿದೀಯಲ್ಲಪ್ಪ, ಸಾಕು" ಎಂದರು ಅಧ್ಯಕ್ಷರು. "ನನ್ನ ಹೆಸ್ರು ಮೊದಲೈತಾ ಇಲ್ವಾ, ಅದು ಹೇಳು."

ಅಲ್ಲಿಂದ ಜಗಳ ಶುರುವಾಯಿತು. ಗೌರವಾಧ್ಯಕ್ಷರು ತಮ್ಮ ಹೆಸರು ಮೇಲಿರಬೇಕೆಂದರು. ಉಪಾಧ್ಯಕ್ಷರು, ಹೆಸರು ಎಲ್ಲಾದರೂ ಇರಲಿ, ಫೋಟೊದಲ್ಲಿ ಸಚಿವರ ಬಲಗಡೆ ನಾನು ಎಂದರು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಕೇಳಿದ್ದೆ. ಇಲ್ಲಿ ಕುಲಾವಿಗೆ ಮೂರು ಜನ ತಲೆ ಒಡ್ಡಿದ್ದರು. ಊಟದ ಹೊತ್ತಿನವರೆಗೂ ಇದೇ ನಡೆದು, ಕೊನೆಗೆ ಒಬ್ಬರು ಹಾರ, ಒಬ್ಬರು ಪೇಟ, ಒಬ್ಬರು ಹಣ್ಣಿನ ಬುಟ್ಟಿ ಎಂದು ರಾಜಿಯಾಯಿತು. ನಾಲ್ಕನೇ ಪುಟಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಸರ್ವಾನುಮತದಿಂದ ಎಲ್ಲರೂ ಸಹಿ ಹಾಕಿದರು. ಒಂದೊಂದೇ ಲಾರಿ ಇದ್ದ ಇಬ್ಬರು ಸದಸ್ಯರೂ ಹಾಕಿದರು, ನನ್ನದೇ ಪೆನ್ನು ಇಸಿದುಕೊಂಡು. ಭಾವ ಸಮಿತಿಯಲ್ಲಿರಲಿಲ್ಲ. ಅವರು ಆ ಹೊತ್ತಿಗೆ ಎಲ್ಲೋ ಘಾಟಿಯಲ್ಲಿದ್ದರು.

ಸಚಿವರಿಗೆ ಕೊಟ್ಟದ್ದು ಹಿರಿಯೂರಿನ ಪ್ರವಾಸಿ ಮಂದಿರದಲ್ಲಿ. ಮೂರು ಗಂಟೆ ಕಾದ ಮೇಲೆ ಬಂದರು. ಪೇಟ ತೊಡಿಸುವವರು ಹಾರ ಹಾಕುವವರ ಕೈಗೆ ಸಿಕ್ಕಿಕೊಂಡು ಪೇಟ ಕಣ್ಣಿನ ಮೇಲೆ ಇಳಿಯಿತು. ಸಚಿವರು ಪೇಟ ಸರಿಮಾಡಿಕೊಳ್ಳುತ್ತಲೇ ಮನವಿಯನ್ನು ಎಡಗೈಯಲ್ಲಿ ಹಿಡಿದು, ಕ್ಯಾಮೆರಾ ನೋಡಿ ನಕ್ಕು, ಬಲಗಡೆ ನಿಂತ ಆಪ್ತ ಸಹಾಯಕರಿಗೆ ದಾಟಿಸಿದರು. ಸಹಾಯಕರು ಚೀಲಕ್ಕೆ ಹಾಕಿಕೊಂಡರು. ಸಾಹೇಬರು ಫೋಟೊದಲ್ಲೆಲ್ಲೂ ಇರಲಿಲ್ಲ. ಬಾಗಿಲ ಹತ್ತಿರ ನಿಂತು ಆ ಚೀಲವನ್ನೇ ನೋಡುತ್ತಿದ್ದರು. ಇಡೀ ಪ್ರವಾಸಿ ಮಂದಿರದಲ್ಲಿ ಆ ಕಾಗದದ ಮೇಲೆ ಕಣ್ಣಿಟ್ಟಿದ್ದ ಮನುಷ್ಯ ಅವರೊಬ್ಬರೇ.

ಡ್ರೈವರುಗಳ ಕಕ್ಕಸಿಗೆ ಇಪ್ಪತ್ತು ವರ್ಷದಲ್ಲಿ ಬರದ ಉತ್ತರ ಇದಕ್ಕೆ ಮಳೆಗಾಲ ಮುಗಿಯುವಷ್ಟರಲ್ಲಿ ಬಂತು. ಸಂಘದ ಕೋರಿಕೆಯ ಮೇರೆಗೆ ಪಾಳಿ ಪದ್ಧತಿಯನ್ನು ಕೈಬಿಡಲಾಗಿದೆ, ಇನ್ನು ಮುಂದೆ ಲೋಡು ಕಂಪನಿಯ ಒಪ್ಪಂದದ ಪ್ರಕಾರ ಎಂದು ಆದೇಶ. ಜೊತೆಗೆ ನಮ್ಮ ಮನವಿಯ ಪ್ರತಿಯನ್ನೂ ಲಗತ್ತಿಸಿದ್ದರು. ಹತ್ತಕ್ಕಿಂತ ಹೆಚ್ಚು ಲಾರಿ ಇದ್ದ ಪದಾಧಿಕಾರಿಗಳು ಕಂಪನಿಗೆ ಒಪ್ಪಂದ ಬರೆದುಕೊಟ್ಟರು. ಅಧ್ಯಕ್ಷರು ಒಣ ಬಂದರಿನ ಸಲಹಾ ಸಮಿತಿಗೆ ಸದಸ್ಯರಾದರು. ಕಾಲ ಮೇಲೆ ಕಲ್ಲು ಬಿದ್ದದ್ದು ಅವರಿಗಲ್ಲ. ನನ್ನ ನಾಟಕದಲ್ಲಿ ನಾನು ನೋಡದೇ ಹೋದ ಅಂಕ ಅದು. ಅವರ ಮೂರ್ಖತನಕ್ಕೆ ಶಿಕ್ಷೆಯಾಗಲಿ ಎಂದು ಕಾದು ಕೂತಿದ್ದೆ. ಮೂರ್ಖರಿಗೆ ಶಾಲು ಸಿಕ್ಕಿತು, ಓದುವ ಮನುಷ್ಯನಿಗೆ ಲೋಡು ತಪ್ಪಿತು.

ಹಲಗೆ ಒರೆಸುವ ಕೆಲಸವೂ ನನ್ನದೇ ಆಯಿತು. ಅವತ್ತು ಒಂದು ನಂಬರಿಗೆ ಸೊನ್ನೆ ಇತ್ತು. ಯಾರದೋ ತಂದೆ ತೀರಿಕೊಂಡು ತಿಥಿ ಇನ್ನೂ ಆಗಿರಲಿಲ್ಲ. ಅದನ್ನೂ ಒರೆಸಿದೆ.

ಎರಡು ತಿಂಗಳು ಭಾವನ ಲಾರಿ ಮನೆಯ ಮುಂದೆ ನಿಂತಿತ್ತು. ಅಕ್ಕ ಫೋನು ಮಾಡಿದಾಗಲೆಲ್ಲ ಲಾರಿ ಮಾರುವ ಮಾತು. ಒಂದು ಭಾನುವಾರ ಭಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ಆದೇಶ, ಲಗತ್ತಿಸಿದ ಮನವಿ. ಕುಂತ್ಕಳ್ರಿ ಭಾವ ಎಂದೆ. ಕೂತರು. ಕಾಫಿ ಮುಟ್ಟದೆ ನಾಲ್ಕನೇ ಪುಟ ತೆಗೆದು, ಆ ವಾಕ್ಯದ ಕೆಳಗೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ನನ್ನೆದುರು ಓದಿದರು.

"ಇದು ನಿನ್ ಬರವಣಿಗೆ ಕಣಪ್ಪ" ಎಂದರು. "ಕಾಲಕ್ಕೆ ತಕ್ಕಂತೆ ಅಂತ ಬರ್ದೀಯ. ನಮ್ಮವ್ವ ತೀರ್ಕಂಡಾಗ ಬ್ಯಾಂಕಿಗೆ ಅರ್ಜಿ ಬರ್ಕೊಟ್ಯಲ್ಲ, ಅದೂ ಹಿಂಗೇ ಇತ್ತು, ನಯವಾಗಿ. ನೀನು ಇದನ್ನ ಓದಿದ್ದೆ ಅಲ್ವಾ?"

ಬರೆಯುವವನು ಓದದೇ ಇರುತ್ತಾನೆಯೇ? ಆದರೆ ನಾನು, ಮೇಲಿನವರು ಹೇಳಿದ್ದನ್ನು ಟೈಪು ಮಾಡುವುದಷ್ಟೇ ನನ್ನ ಕೆಲಸ ಎಂದೆ. ಭಾವ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಅಕ್ಕ ಕೊಟ್ಟು ಕಳಿಸಿದ್ದ ಅವರೆಕಾಯಿ ಚೀಲವನ್ನು ಅಲ್ಲೇ ಇಟ್ಟು ಹೋದರು.

ನಾನು ಐಮಂಗಲದ ಆಫೀಸಿಗೆ ಸೇರಿದೆ. ಸಮನ್ವಯಾಧಿಕಾರಿ. ಕೊರಳಿಗೆ ಕಂಪನಿಯ ಗುರುತಿನ ಚೀಟಿ, ತಿರುಗುವ ಕುರ್ಚಿ. ಬಂದರು ಇನ್ನೂ ಬಂದಿರಲಿಲ್ಲ, ಈಗಲೂ ಒಂದು ಕಾಂಪೌಂಡು ಮತ್ತು ಒಂದು ಬೋರ್ಡು ಅಷ್ಟೇ. ಆದರೆ ಲೋಡುಗಳು ಕಂಪನಿಯ ಕೈಗೆ ಬಂದಿದ್ದವು. ಒಂದು ದಿನ ಯಾವುದೋ ಫೈಲು ಹಿಡಿದು ಚಿತ್ರದುರ್ಗದ ಡಿಸಿ ಆಫೀಸಿಗೆ ಹೋಗಿದ್ದೆ. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಟೈಪು ಮಾಡಿಕೊಡುವವರು ಕೂತಿರುತ್ತಾರೆ. ಅವರಲ್ಲೊಬ್ಬನ ಮುಂದೆ ಭಾವ ಸ್ಟೂಲಿನ ಮೇಲೆ ಕೂತಿದ್ದರು. ಜನ್ಮದಲ್ಲಿ ಒಂದು ಅರ್ಜಿಗೂ ಅವರು ನನ್ನನ್ನು ಬಿಟ್ಟು ಬೇರೆಯವರ ಬಳಿ ಹೋದವರಲ್ಲ. ಸುತ್ತ ಅವರಂತೆ ಒಂದೊಂದೇ ಲಾರಿ ಇದ್ದ ಏಳೆಂಟು ಮಂದಿ ನಿಂತಿದ್ದರು. ಭಾವ ಪ್ರತಿ ಸಾಲನ್ನೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದರು. ಸಾಲು ಮುಗಿದ ಮೇಲೆ ಸುತ್ತಲಿನವರನ್ನು ನೋಡಿ, ತಿಳೀತಾ ಎಂದು ಕೇಳಿ ಮುಂದಕ್ಕೆ ಹೋಗುತ್ತಿದ್ದರು. ಅಂಥ ಓದನ್ನು ನಮ್ಮ ಸಂಘದಲ್ಲಿ ನಾನು ಒಂದು ದಿನವೂ ಕಂಡಿರಲಿಲ್ಲ. ಓದಿ ಮುಗಿದ ಮೇಲೆ ಎಲ್ಲರೂ ಸಹಿ ಹಾಕಿದರು. ಆಗ ಭಾವ ನನ್ನನ್ನು ನೋಡಿದರು.

"ಬಾರಪ್ಪ" ಎಂದು ಕರೆದು ಕಾಗದವನ್ನು ನನ್ನ ಕೈಗೆ ಕೊಟ್ಟರು. "ಆ ಮನವಿ ಕಂಪ್ನಿಯವ್ರು ಬರ್ದಿದ್ದು, ಸಂಘದಾಗೆ ಯಾರೂ ಓದ್ಲಿಲ್ಲ ಅಂತ ಬರ್ಸೀವಿ. ಅಲ್ಲಿದ್ದೋನು ನೀನು. ಓದು, ಸರಿ ಅನ್ಸಿದ್ರೆ ಸಾಕ್ಷಿ ಹಾಕು."

ಎರಡೇ ಪುಟ. ಸಾಕ್ಷಿ ಎಂದು ಕೆಳಗೆ ಜಾಗ ಬಿಟ್ಟಿದ್ದರು. ಓದಿದರೆ ಸಹಿ ಹಾಕಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು; ಬರೆದದ್ದೆಲ್ಲ ನಿಜವಾಗಿರುತ್ತದೆ ಎಂದೂ ಗೊತ್ತಿತ್ತು. ಒಂದೇ ಲಾರಿಯವರೆಲ್ಲ ನನ್ನ ಕೊರಳಿನ ಚೀಟಿಯನ್ನು ನೋಡುತ್ತಿದ್ದರು. ನಾನು ‘ವಿಷಯ’ ಎಂದು ಶುರುವಾಗುವ ಮೊದಲ ಸಾಲನ್ನು ನೋಡಿದೆ. ಅದರ ಕೆಳಗಿನದ್ದನ್ನು ನೋಡಲಿಲ್ಲ.

"ವಿಷಯ ಸರಿಯಾಗೈತೆ ಭಾವ" ಎಂದು ಹೇಳಿ ಕಾಗದವನ್ನು ಹಿಂದಕ್ಕೆ ಕೊಟ್ಟೆ.

ಭಾವ ಕಾಗದ ಇಸಿದುಕೊಂಡರು. ಹೋಗಾಣ ನಡೀರಿ ಎಂದು ಜೊತೆಯವರಿಗೆ ಹೇಳಿ, ಟಪಾಲು ಕೊಡುವ ಕಿಟಕಿಯ ಕಡೆಗೆ ಹೋಗಿ ಸಾಲಿನಲ್ಲಿ ನಿಂತರು.